ಹೋಗುವವರ ಮೀನು

ಕಂಪನಿಯ ಕಾಗದದಲ್ಲಿ ಅದರ ಹೆಸರು ‘ವಾಟರ್ ಫೀಚರ್ ಎರಡು’. ಬಾಡಿಗೆಯ ಜಾಹೀರಾತಿನಲ್ಲಿ ‘ಲೇಕ್ ವ್ಯೂ’. ಕಾಸಿಮಾಕ ಒಬ್ಬರೇ ಅದನ್ನು ಕೆರೆ ಎನ್ನುತ್ತಿದ್ದರು, ಅದೂ ಮನೆಯ ಹಸುವಿನ ಬಗ್ಗೆ ಮಾತಾಡುವವರ ಹಾಗೆ. “ಕೆರೆಗೆ ಇವತ್ತು ಮೈ ಸರಿಯಿಲ್ಲ ಅಕ್ಕ,” ಎನ್ನುವರು. ನಾನು ಮೀಟರ್ ಇಳಿಸಿ ನೋಡಿದರೆ ನಿಜಕ್ಕೂ ಸರಿಯಿರುತ್ತಿರಲಿಲ್ಲ.

ನಾನು ಸುಮಿತ್ರಾ, ಮೈಸೂರಿನವಳು. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿರುವ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಡಿಸ್ಕವರಿ ಗಾರ್ಡನ್ಸ್ ದಾಟಿ ಇನ್ನೂ ಮರಳಿನ ಕಡೆಗೆ ಹೋದರೆ ಒಂದು ಕಾಲೊನಿ ಸಿಗುತ್ತದೆ. ಅದರ ನಡುವಿನ ಕೆರೆಯ ನೀರನ್ನು ಪ್ರತಿ ಮಂಗಳವಾರ ಬೆಳಿಗ್ಗೆ ಆರೂವರೆಗೆ ಬಾಟಲಿಗೆ ತುಂಬಿಸಿ ತರುವುದು ನನ್ನ ಪಾಲಿನ ಕೆಲಸವಾಗಿತ್ತು. ಕಾಸಿಂ ಆ ಕೆರೆಯ ಪಂಪ್ ಆಪರೇಟರ್. ಬಂಟ್ವಾಳದ ಆಚೆಯ ಒಂದು ಊರಿನ ಬ್ಯಾರಿ. ಅವರ ರೂಮಿನವರೆಲ್ಲ ಕಾಸಿಮಾಕ, ಅಂದರೆ ಕಾಸಿಂ ಅಣ್ಣ, ಎಂದು ಕರೆಯುತ್ತಿದ್ದರು, ನನ್ನ ಬಾಯಿಗೂ ಅದೇ ಬಂತು. ನನಗಿಂತ ಹನ್ನೆರಡು ವರ್ಷ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಎನ್ನುವರು. ಅವರ ಕಡೆ ಹಾಗೇ ಅಂತೆ.

ಈ ಬರಹ ಅವರ ಬಗ್ಗೆ. ನಾನೂ ನಡುವೆ ಬರುತ್ತೇನೆ. ಬಾರದೆ ಇರಬಹುದಾಗಿದ್ದರೆ ಚೆನ್ನಾಗಿತ್ತು.

ಹದಿನೆಂಟು ವರ್ಷದ ಹಿಂದೆ ಅಲ್ಲಿದ್ದದ್ದು ಒಂದು ಗುಂಡಿ. ಗುಂಡಿಯ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಜೇಡಿಮಣ್ಣು ಹರಡಿದ ಕೂಲಿಗಳಲ್ಲಿ ಕಾಸಿಮಾಕನೂ ಒಬ್ಬರು. ನೀರು ಬಂದದ್ದು ಪೈಪಿನಲ್ಲಿ. ಅದು ಯಾವ ನೀರು ಎಂದು ಹೇಳಿದರೆ ಲೇಕ್ ವ್ಯೂ ಫ್ಲ್ಯಾಟಿನವರು ಮುಖ ಸಿಂಡರಿಸುತ್ತಾರೆ: ಊರಿನ ಬಚ್ಚಲಿನ ನೀರು, ಶುದ್ಧಮಾಡಿ ಕಳಿಸಿದ್ದು. ಕಾಸಿಮಾಕನಿಗೆ ಅದರಲ್ಲಿ ಯಾವ ನಾಚಿಕೆಯೂ ಇರಲಿಲ್ಲ. “ಈ ಮರಳಲ್ಲಿ ಸಿಹಿನೀರು ಯಾರ ಹತ್ರ ಉಂಟು ಮಾರಾಯ್ರೆ? ನಾವು ಮಿಂದದ್ದನ್ನೇ ಹಕ್ಕಿ ಕುಡಿಯುವುದು. ಅದಕ್ಕೇ ಹೇಳುವುದು, ಸ್ವಲ್ಪ ಸೋಪು ಕಮ್ಮಿ ಹಾಕಿ ಅಂತ,” ಎನ್ನುವರು.

ಗುಂಡಿ ತುಂಬಿದ ಮೇಲೆ ಕೂಲಿಗಳು ಬೇರೆ ಸೈಟಿಗೆ ಹೋದರು. ಪಂಪು ನೋಡಿಕೊಳ್ಳಲು ಒಬ್ಬ ಬೇಕಿತ್ತು, ಕಾಸಿಮಾಕ ಉಳಿದರು. ಮೊದಲ ಚಳಿಗಾಲದಲ್ಲಿ ಒಂದು ಹಕ್ಕಿಯೂ ಬರಲಿಲ್ಲ. ಎರಡನೆಯ ವರ್ಷ ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳ ಒಂದು ಜೋಡಿ ಬಂದು ಇಡೀ ದಿನ ದಡದಲ್ಲಿ ನಿಂತವಂತೆ. ಕಾಸಿಮಾಕ ಊಟ ಬಿಟ್ಟು ಅವನ್ನೇ ನೋಡುತ್ತ ಕುಳಿತರಂತೆ. ಆಮೇಲೆ ಬೆಳ್ಳಕ್ಕಿ, ನೀರುಕೋಳಿ, ಚಳಿಗೆ ಬಡಗಣ ದೇಶಗಳಿಂದ ಬಾತುಗಳು. ಒಂದು ಜನವರಿಯಲ್ಲಿ ಹದಿನಾಲ್ಕು ರಾಜಹಂಸಗಳು ಎರಡು ದಿನ ತಂಗಿದ್ದವು. ಎಲ್ಲಕ್ಕಿಂತ ಅವರಿಗೆ ಇಷ್ಟ ಗುಳುಮುಳುಕ. ಮುಷ್ಟಿಯಷ್ಟು ಹಕ್ಕಿ, ಈಗ ಕಂಡಿತು ಎನ್ನುವಷ್ಟರಲ್ಲಿ ನೀರೊಳಗೆ ಮಾಯ. ನೀರಿನ ಸೊಪ್ಪನ್ನೇ ಗುಡ್ಡೆ ಹಾಕಿ ತೇಲುವ ಗೂಡು ಕಟ್ಟುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಸೊಪ್ಪು ಮುಚ್ಚಿ ಹೋಗುತ್ತದೆ. ಊರಲ್ಲಿ ಮಗಳು ನಾಫಿಯಾ ಎಷ್ಟನೇ ತಿಂಗಳಿಗೆ ಹೆಜ್ಜೆ ಹಾಕಿದಳು ಎಂದು ಕೇಳಿದರೆ ಕಾಸಿಮಾಕನಿಗೆ ಗೊತ್ತಿಲ್ಲ, ಫೋನಿನಲ್ಲಿ ಕೇಳಿದ್ದು ಮರೆತಿದೆ. ಗುಳುಮುಳುಕನ ಮರಿ ಎಷ್ಟನೇ ದಿನಕ್ಕೆ ಮುಳುಗುತ್ತದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದರು.

ಬಡಗಣ ದಡದಲ್ಲಿ ಒಂದು ಮುದಿ ಗಾಫ್ ಮರ, ನಮ್ಮ ಬನ್ನಿ ಮರವೇ, ಇತ್ತು. ಚಳಿಗಾಲದಲ್ಲಿ ಒಬ್ಬ ಎಮಿರಾತಿ ಅಜ್ಜ ಕಾರಿನಲ್ಲಿ ಬಂದು ಅದರ ಬುಡದಲ್ಲಿ ಕೂರುತ್ತಿದ್ದರು. ಒಂದು ದಿನ ಕಾಸಿಮಾಕನನ್ನು ಕರೆದು, ಇಲ್ಲೇ ನಮ್ಮ ತವಿ ಇತ್ತು ಎಂದರಂತೆ. ತವಿ ಎಂದರೆ ಬಾವಿ. ಅವರ ತಾಯಿ ಒಂಟೆಗಳಿಗೆ ಅಲ್ಲಿಂದ ನೀರು ಸೇದುತ್ತಿದ್ದಳು. ಬಾವಿ ಉಪ್ಪಾಯಿತು, ಆಮೇಲೆ ಮರಳು ಮುಚ್ಚಿತು. ಕಾಸಿಮಾಕ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. “ನೋಡಿ ಅಕ್ಕ, ನೀರಿಗೆ ಜಾಗ ಗೊತ್ತುಂಟು. ಹಳೇ ಮನೆಗೇ ಬಂದದ್ದು,” ಎಂದು ಮುಗಿಸುವರು. ಇದು ಇಂಜಿನಿಯರು ನಕ್ಷೆ ಬರೆದು ತೋಡಿದ ಗುಂಡಿ ಎಂದು ನಾನು ಹೇಳಿದರೆ ಅವರಿಗೆ ಸಿಟ್ಟು.

ಸಿಟ್ಟು ಅವರಿಗೆ ಬೇಗ ಬರುತ್ತಿತ್ತು. ದಡದ ಜೊಂಡು ಕತ್ತರಿಸಿ ಎಂದು ಆಫೀಸಿನಿಂದ ಪ್ರತಿ ವರ್ಷ ಆದೇಶ ಬರುತ್ತಿತ್ತು, ಕಾಸಿಮಾಕನ ಮಿಷನ್ನು ಪ್ರತಿ ವರ್ಷ ಸರಿಯಾಗಿ ಅದೇ ವಾರ ಕೆಡುತ್ತಿತ್ತು. ಹಕ್ಕಿಗಳಿಗೆ ಬ್ರೆಡ್ಡು, ಖುಬ್ಬೂಸು ರೊಟ್ಟಿ ಎಸೆಯುವವರನ್ನು ಕಂಡರೆ ದೋಣಿಯಿಂದಲೇ ಕೂಗು. “ನಿಮ್ಮ ಮಕ್ಕಳಿಗೆ ದಿನಾ ಹಳಸಿದ್ದು ಹಾಕ್ತೀರಾ?” ಎಂದು ಹಿಂದಿಯಲ್ಲಿ ಬೈದು, ಒಮ್ಮೆ ಕಂಪ್ಲೇಂಟ್ ಕೂಡ ಆಗಿತ್ತು. ಒಂದು ತುಂಡು ಬ್ರೆಡ್ಡು ಬೀಳಲು ಬಿಡದ ಮನುಷ್ಯ ಅದೇ ಕೆರೆಗೆ ಏನು ಬಿಡುತ್ತಿದ್ದರು ಎಂಬುದು ಮಾತ್ರ ನನಗೆ ಬಹಳ ಕಾಲ ಗೊತ್ತಾಗಲಿಲ್ಲ. ನನಗೆ ತಡವಾಗಿ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಕಾಯಿಸಿ ನನಗೇನೂ ಆಗಬೇಕಾಗಿಲ್ಲ.

ಅವರ ಊರಿನಲ್ಲಿ ಮಸೀದಿಯ ಪಕ್ಕ ಒಂದು ಕೆರೆ ಇದೆ, ಪಳ್ಳಿಯ ಕೆರೆ ಎನ್ನುತ್ತಾರೆ. ಅದರ ಮೀನನ್ನು ಯಾರೂ ಹಿಡಿಯುವಂತಿಲ್ಲ. ಮನೆಯವರು ಯಾರಾದರೂ ದೂರದ ಊರಿಗೆ ಹೊರಟರೆ, ಹೊರಡುವ ದಿನ ಬೆಳಿಗ್ಗೆ ಒಂದು ಜೀವಂತ ಮೀನನ್ನು ತಂದು ಆ ಕೆರೆಗೆ ಬಿಡುವುದು ಅವರ ಮನೆತನದ ರೂಢಿ. ಮೀನು ನೀರು ಸೇರಿದರೆ ಹೊರಟವರೂ ಕ್ಷೇಮವಾಗಿ ಸೇರುತ್ತಾರೆ. ಕಾಸಿಂ ಮೊದಲ ಸಲ ದುಬೈಗೆ ಹೊರಟಾಗ ಅವರ ತಾಯಿ ಬೀಯಮ್ಮ ಗದ್ದೆಯ ತೋಡಿನಲ್ಲಿ ಮೊಣಕಾಲುದ್ದ ಕೆಸರಿಗಿಳಿದು ಒಂದು ಮುಗುಡು ಹಿಡಿದು ತಂದು ಬಿಟ್ಟಿದ್ದರು. ಆ ತಾಯಿ ಈಗಿಲ್ಲ.

ದುಬೈಯಲ್ಲಿ ಜನ ಹೋಗುತ್ತಲೇ ಇರುತ್ತಾರೆ. ಕೆಲಸ ಹೋಯಿತು, ವೀಸಾ ಕ್ಯಾನ್ಸಲ್ ಆಯಿತು, ಒಂದು ತಿಂಗಳಲ್ಲಿ ಮನೆ ಖಾಲಿ. ಸೋಫಾ ಮಾರುತ್ತಾರೆ, ಬೆಕ್ಕನ್ನು ಗೆಳೆಯರಿಗೆ ಒಪ್ಪಿಸುತ್ತಾರೆ, ಅಕ್ವೇರಿಯಂನ ಮೀನನ್ನು ಕೇಳುವವರಿಲ್ಲ. ವಿಮಾನದಲ್ಲಿ ಒಯ್ಯುವಂತಿಲ್ಲ, ಟಾಯ್ಲೆಟ್ಟಿಗೆ ಸುರಿಯಲು ಮನಸ್ಸು ಬಾರದು. ಕಡೆಗೆ ಬಕೆಟ್ಟಿನಲ್ಲಿ ಹಾಕಿಕೊಂಡು ಪಂಪ್ ರೂಮಿನ ಬಾಗಿಲಿಗೆ ಬರುತ್ತಿದ್ದರು. ರೊಸಲಿನ್ ಎಂಬ ನರ್ಸ್ ಮನಿಲಾಕ್ಕೆ ವಾಪಸು ಹೊರಟಾಗ ಎರಡು ಮೀನು ಕೊಟ್ಟು ಮೆಟ್ಟಿಲ ಮೇಲೆ ಕುಳಿತು ಅತ್ತಳಂತೆ. ಕಾಸಿಮಾಕ ಯಾರಿಗೂ ಇಲ್ಲ ಎನ್ನಲಿಲ್ಲ. ಯಾವ ಊರಿಗೆ ಹೋಗುವುದು ಎಂದು ಕೇಳಿ, ಬಿಸ್ಮಿಲ್ಲಾ ಹೇಳಿ, ಗಾಫ್ ಮರದ ಹತ್ತಿರ ನೀರಿಗೆ ಬಿಡುತ್ತಿದ್ದರು. ಗುರುತು ಪರಿಚಯವಿಲ್ಲದ ಅಷ್ಟು ಜನರ ಪ್ರಯಾಣಕ್ಕೆ ತಾಯಿ ಮಾಡಿದ್ದನ್ನು ಮಗ ಮಾಡಿದರು. ಹದಿನೈದು ವರ್ಷ.

ಅವುಗಳಲ್ಲಿ ಒಂದು ಜಾತಿ ಇತ್ತು. ಅಕ್ವೇರಿಯಂನ ಗಾಜಿಗೆ ಬಾಯಿ ಅಂಟಿಸಿ ಪಾಚಿ ನೆಕ್ಕುವ ಕಪ್ಪು ಮೀನು. ಅಂಗಡಿಯವರು ಟ್ಯಾಂಕ್ ಕ್ಲೀನರ್ ಎಂದು ಮಾರುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಬಹಳ ಸಾಧು. ಕೆರೆಗೆ ಬಿದ್ದರೆ ಮೊಳದುದ್ದ ಬೆಳೆಯುತ್ತದೆ, ದಡದ ಮಣ್ಣಿನಲ್ಲಿ ಕೈ ಹೋಗುವಷ್ಟು ಬಿಲ ತೋಡಿ ಅದರಲ್ಲಿ ಮೊಟ್ಟೆ ಇಡುತ್ತದೆ. ಮೈಮೇಲೆ ಮುಳ್ಳಿನ ಚಿಪ್ಪು ಇರುವುದರಿಂದ ಕೊಕ್ಕರೆಯೂ ನುಂಗಲಾರದು. ಇದೆಲ್ಲ ನಾನು ಕಾಲೇಜಿನಲ್ಲಿ ಓದಿ ಬಂದದ್ದು.

ಓದಿ ಬಂದು ಮಾಡಿದ್ದೇನು? ಎರಡು ವರ್ಷದ ಹಿಂದೆ ಕರಾಮದ ಫ್ಲ್ಯಾಟ್ ಬಿಟ್ಟು ಸಿಲಿಕಾನ್ ಓಯಸಿಸ್‌ಗೆ ಮನೆ ಬದಲಿಸಿದೆವು. ಮಗಳು ಹಿತಾಳ ಅಕ್ವೇರಿಯಂ ಇಡಲು ಹೊಸ ಮನೆಯಲ್ಲಿ ಜಾಗ ಇರಲಿಲ್ಲ. ಉಳಿದ ಮೀನುಗಳನ್ನು ಅವಳ ಗೆಳತಿ ಒಯ್ದಳು, ಟ್ಯಾಂಕ್ ಕ್ಲೀನರ್ ಯಾರಿಗೂ ಬೇಡವಾಯಿತು. “ಹಿ ಈಸ್ ನಾಟ್ ಎ ಥಿಂಗ್, ಅಮ್ಮಾ,” ಎಂದು ಹಿತಾ ಅತ್ತಳು. ಸರಿ, ಮಂಗಳವಾರ ಸ್ಯಾಂಪಲ್ ಬಾಟಲಿಗಳ ಜೊತೆ ಬಕೆಟ್ಟನ್ನೂ ಕಾರಿನಲ್ಲಿಟ್ಟುಕೊಂಡು ಹೋದೆ. “ಕಾಸಿಮಾಕ, ಇದನ್ನ ಯಾರಿಗಾದ್ರೂ ಕೊಟ್ಬಿಡಿ,” ಎಂದೆ. “ಮನೆ ಬಿಡುವುದಾ ಅಕ್ಕ? ಅದೂ ಒಂದು ಪ್ರಯಾಣವೇ. ಇಡಿ, ನಾನು ನೋಡ್ತೇನೆ,” ಎಂದರು. ಯಾರಿಗೆ ಕೊಟ್ಟಿರಿ ಎಂದು ನಾನು ಆಮೇಲೂ ಕೇಳಲಿಲ್ಲ. ‘ಹೊರಗಿನ ಜೀವಿಗಳನ್ನು ಕೆರೆಗೆ ಬಿಡಬಾರದು’ ಎಂದು ಪ್ರತಿ ತಿಂಗಳ ವರದಿಯ ಕೊನೆಗೆ ಬರೆಯುವವಳು ನಾನೇ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲ್‌ನಲ್ಲಿ ದುಬೈಯಲ್ಲಿ ಸುರಿದ ಮಳೆ ಎಲ್ಲರಿಗೂ ನೆನಪಿದೆ. ರಸ್ತೆಗಳಲ್ಲಿ ಕಾರುಗಳು ತೇಲಿದವು. ಆ ಎರಡು ದಿನ ಕಾಸಿಮಾಕ ಪಂಪ್ ರೂಮಿನಿಂದ ಹೊರಗೆ ಬರಲಿಲ್ಲ. ಸುತ್ತಲಿನ ಹನ್ನೊಂದು ಕಟ್ಟಡಗಳ ನೀರೆಲ್ಲ ಕೆರೆಗೆ ಇಳಿಯಿತು, ಬೇಸ್‌ಮೆಂಟುಗಳು ಉಳಿದವು. ಕೆರೆ ಅಂಚಿನ ತನಕ ತುಂಬಿ ನಿಂತಿತ್ತು, ಒಡೆಯಲಿಲ್ಲ. ಯಾರೂ ಬಂದು ಕೆರೆಗೊಂದು ಥ್ಯಾಂಕ್ಸ್ ಹೇಳಲಿಲ್ಲ ಎಂದು ಕಾಸಿಮಾಕ ವಾರಗಟ್ಟಲೆ ಗೊಣಗಿದರು.

ಆ ಮಳೆಯಾದ ಮೇಲೆ ಕೆರೆ ಕೆಡತೊಡಗಿತು. ಚಳಿಗಾಲದ ಹೊತ್ತಿಗೆ ನೀರು ಚಹಾದ ಬಣ್ಣಕ್ಕೆ ಬಂದಿತ್ತು. ಬೆಳಕು ತಳಕ್ಕಿಳಿಯದೆ ನೀರಿನ ಸೊಪ್ಪು ಸತ್ತಿತು. ಸೊಪ್ಪಿಲ್ಲದೆ ಗುಳುಮುಳುಕಕ್ಕೆ ಗೂಡಿಲ್ಲ. ಏಳೆಂಟು ಜೋಡಿ ಇದ್ದಲ್ಲಿ ಒಂದೇ ಜೋಡಿ ಉಳಿಯಿತು. ದಡ ಅಲ್ಲಲ್ಲಿ ಕುಸಿಯಿತು. ನಾನು ವರದಿಯಲ್ಲಿ ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆದೆ. ಮರುವರ್ಷದ ಮೇ ತಿಂಗಳಲ್ಲಿ ಕೆರೆಗೆ ಹತ್ತಿರದ ಕಟ್ಟಡದ ಬೇಸ್‌ಮೆಂಟ್ ಪಾರ್ಕಿಂಗಿನ ಗೋಡೆಯಿಂದ ನೀರು ಒಸರಿತು. ಮಳೆಯಲ್ಲಿ ಇದೇ ಪಾರ್ಕಿಂಗನ್ನು ಕಾಪಾಡಿದ ಕೆರೆ ಈಗ ಆರೋಪಿಯಾಯಿತು.

ಕಾಲೊನಿಯ ಮ್ಯಾನೇಜರ್ ಜಾನಿಸ್ ಮಂಗಳೂರಿನ ಹುಡುಗಿ, ಕೆಟ್ಟವಳಲ್ಲ. ನನ್ನನ್ನು ಕರೆದು ನೇರವಾಗಿ ಹೇಳಿದಳು. “ಹೆಡ್ ಆಫೀಸಿನವ್ರು ಎರಡು ಪ್ಲ್ಯಾನ್ ಇಟ್ಟಿದ್ದಾರೆ ಸುಮಿತ್ರಾ. ಒಂದೋ ದಡ ರಿಪೇರಿ. ಇಲ್ಲದಿದ್ರೆ ಲೇಕ್ ಖಾಲಿ ಮಾಡಿ ಟೈಲ್ಸ್ ಹಾಕಿ ಸ್ವಿಮ್ಮಿಂಗ್ ಲಗೂನ್. ದಡ ಯಾಕೆ ಹಾಳಾಯ್ತು ಅಂತ ನೀವು ಹೇಳ್ಬೇಕು. ಪುನಃ ಹಾಳಾಗೋದಾದ್ರೆ ರಿಪೇರಿ ಮಾಡಿ ಎಂತ ಪ್ರಯೋಜನ?”

ಮರುದಿನ ಬೆಳಿಗ್ಗೆ ನಾನೂ ಕಾಸಿಮಾಕನೂ ದೋಣಿಯಲ್ಲಿ ಹೋಗಿ ಬೀಸುಬಲೆ ಹಾಕಿದೆವು. ಊರ ತೋಡಿನಲ್ಲಿ ಕಲಿತ ಕೈ ಅವರದು, ಬಲೆ ಗುಂಡಗೆ ಬಿಚ್ಚಿಕೊಂಡು ಬಿತ್ತು. ಎಳೆದಾಗ ಭಾರಕ್ಕೆ ದೋಣಿ ವಾಲಿತು. ಬಲೆಯ ತುಂಬ ಟ್ಯಾಂಕ್ ಕ್ಲೀನರ್. ಕಪ್ಪಗೆ, ಮೊಳದುದ್ದ, ಒಂದರ ಮೇಲೊಂದು. ಒಂದೇ ಎಸೆತಕ್ಕೆ ಮೂವತ್ತೊಂದು. ದಡಕ್ಕೆ ಹೋಗಿ ನೀರಂಚಿನ ಕೆಳಗೆ ಕೈ ಹಾಕಿ ನೋಡಿದೆ. ಬಿಲದ ಪಕ್ಕ ಬಿಲ, ಮಣ್ಣು ಪೊಳ್ಳಾಗಿತ್ತು.

ಕಾಸಿಮಾಕ ಬಲೆಯ ಹಗ್ಗ ಹಿಡಿದುಕೊಂಡೇ ಕುಳಿತಿದ್ದರು. “ಇದು ನಾನು ಬಿಟ್ಟದ್ದು ಅಕ್ಕ,” ಎಂದರು.

ಆಗ ಹೇಳಿದ್ದು ಎಲ್ಲವನ್ನೂ. ಪಳ್ಳಿಯ ಕೆರೆ, ತಾಯಿ, ಬಕೆಟ್ಟು ಹಿಡಿದು ಬಂದವರು. “ಇಷ್ಟು ಸಣ್ಣದು ಇತ್ತು,” ಎಂದು ಹೆಬ್ಬೆರಳು ತೋರಿಸಿದರು. “ಸಾಯಬಾರದು ಅಂತ ಬಿಟ್ಟದ್ದು. ಹೋಗುವವರ ಮೀನು ಸತ್ತರೆ ಅವರಿಗೆ ಒಳ್ಳೆಯದಾಗುವುದಿಲ್ಲ. ನಾನೇ ಬಿಟ್ಟು ನಾನೇ ಕೆರೆ ಕೊಂದೆನಾ?”

“ಒಂದು ನಂದೂ ಇದೆ ಅದ್ರಲ್ಲಿ,” ಎಂದೆ.

“ಗೊತ್ತುಂಟು. ನಿಮ್ಮ ಮಗಳದ್ದು. ಅದನ್ನು ಆ ಕಲ್ಲಿನ ಹತ್ರ ಬಿಟ್ಟದ್ದು,” ಎಂದರು. ಅವರಿಗೆ ಪ್ರತಿಯೊಂದು ಮೀನಿನ ಮನೆಯವರೂ ನೆನಪಿದ್ದರು.

ನಾನು ಅವತ್ತು ಬಹಳ ಬುದ್ಧಿವಂತಳಂತೆ ಮಾತಾಡಿದೆ. ನೂರಾರು ಬಾಡಿಗೆದಾರರು ಮೀನು ಬಿಡುತ್ತಿದ್ದಾರೆ ಎಂದರೆ ಆಫೀಸಿನವರು ಕೆರೆಯ ಆಸೆ ಬಿಡುತ್ತಾರೆ, ಯಾರನ್ನೆಂದು ತಡೆಯುವುದು? ಬಿಟ್ಟದ್ದು ಒಬ್ಬರೇ, ಅದೂ ತಿಳಿಯದೆ, ಇನ್ನು ಬಿಡುವುದಿಲ್ಲ ಎಂದರೆ ದಡ ರಿಪೇರಿಗೆ ಅರ್ಥವಿದೆ. ಬಲೆ ಹಾಕಿ ಮೀನು ತೆಗೆಯೋಣ, ಎರಡು ವರ್ಷದಲ್ಲಿ ನೀರು ತಿಳಿಯಾಗುತ್ತದೆ. ಆದ್ದರಿಂದ ನೀವೇ ಹೋಗಿ ನಿಜ ಹೇಳಿಬಿಡಿ ಎಂದೆ.

“ನನ್ನ ಕೆಲಸ?” ಎಂದರು.

“ಹದಿನೆಂಟು ವರ್ಷದ ಸರ್ವಿಸ್ ನಿಮ್ದು. ಒಂದು ವಾರ್ನಿಂಗ್ ಲೆಟರ್ ಕೊಡ್ತಾರೆ, ಅಷ್ಟೆ.”

ಯಾವ ಅಧಿಕಾರದ ಮೇಲೆ ಹಾಗೆ ಹೇಳಿದೆನೋ ನನಗೆ ಈಗಲೂ ತಿಳಿಯದು. ಕಾಸಿಮಾಕ ಬಲೆಯ ಹಗ್ಗ ಸುತ್ತಿಟ್ಟರು. “ನಾನು ಹೇಳಿದ್ರೆ ಕೆರೆ ಉಳಿತದಾ ಅಕ್ಕ?” ಎಂದು ಕೇಳಿದರು. ಕೇಳಿದ್ದು ಅದೊಂದೇ.

“ಉಳಿಯುತ್ತೆ,” ಎಂದೆ.

ಗುರುವಾರ ಮೀಟಿಂಗ್. ಜಾನಿಸ್, ಒಬ್ಬ ಇಂಜಿನಿಯರ್, ಹೆಡ್ ಆಫೀಸಿನ ಒಬ್ಬ ಸಾಹೇಬ, ವರದಿ ಹಿಡಿದು ನಾನು. ಕಾಸಿಮಾಕ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು, ಕೂರಿ ಎಂದರೂ ಕೂರಲಿಲ್ಲ. ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು, ಏನನ್ನೂ ಕಡಿಮೆ ಮಾಡಲಿಲ್ಲ. ಸಾಹೇಬ ಬರೆದುಕೊಂಡ. ಆಮೇಲೆ ಕೇಳಿದ, ಮೀನು ಕೊಟ್ಟವರು ಯಾರು ಯಾರು?

“ಎಲ್ಲ ಊರಿಗೆ ಹೋದವರು ಸಾರ್.”

“ಈಗ ಇಲ್ಲಿ ಇರುವವರು ಯಾರೂ ಇಲ್ಲವೇ?”

ಕಾಸಿಮಾಕ ನನ್ನ ಕಡೆ ತಿರುಗಿ ನೋಡಲಿಲ್ಲ. “ಮಾಫಿ,” ಎಂದರು ಅರಬ್ಬಿಯಲ್ಲಿ. ಇಲ್ಲ, ಯಾರೂ ಇಲ್ಲ.

ನನ್ನ ಕೈಯಲ್ಲಿ ಪೆನ್ನಿತ್ತು, ಬಾಯಿ ಇತ್ತು. ನನ್ನದೂ ಒಂದಿದೆ ಎನ್ನಲು ಒಂದು ಉಸಿರು ಸಾಕಿತ್ತು. ಲ್ಯಾಬಿನವಳೇ ಮೀನು ಕೊಟ್ಟಳು ಎಂದಾದರೆ ಲ್ಯಾಬಿನ ಹೆಸರು ಏನಾಗಬೇಕು, ನನ್ನ ವೀಸಾದ ಮೇಲೆ ನಿಂತಿರುವ ಹಿತಾಳ ಶಾಲೆ ಏನಾಗಬೇಕು ಎಂದೆಲ್ಲ ಯೋಚಿಸಿದೆ. ಕಾರಣಗಳಿಗೆ ಬರವೇ ಇರಲಿಲ್ಲ. ನಾನು ಸುಮ್ಮನೆ ಕುಳಿತೆ. ನನ್ನ ಹೆಸರು ಹೇಳದೆ ಅವರು ನನ್ನನ್ನು ಉಳಿಸಿದರು, ನಾನು ನನ್ನ ಹೆಸರು ಹೇಳದೆ ಅವರನ್ನು ಒಬ್ಬರನ್ನೇ ನಿಲ್ಲಿಸಿದೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಸೋಮವಾರ ಕಾಸಿಮಾಕನಿಗೆ, ಹೊರಗಿನ ಜೀವಿಗಳನ್ನು ಬಿಟ್ಟು ಆಸ್ತಿ ಹಾಳುಮಾಡಿದ್ದಕ್ಕೆ ಕೆಲಸದಿಂದ ತೆಗೆಯಲಾಗಿದೆ ಎಂದು ಪತ್ರ ಬಂತು. ನಾನು ಜಾನಿಸ್ ಹತ್ತಿರ ಜಗಳಕ್ಕೆ ಹೋದೆ. “ಹೆಡ್ ಆಫೀಸ್ ಡಿಸಿಷನ್ ಸುಮಿತ್ರಾ. ನಾನು ಮೂರು ಸಲ ಬರ್ದೆ,” ಎಂದು ಅವಳೂ ಕಣ್ಣೊರೆಸಿಕೊಂಡಳು. ಲೇಕ್ ರಿಪೇರಿಯ ಫೈಲ್ ಇನ್ನೂ ಮೇಲೆಯೇ ಇದೆ, ಆಗಬಹುದು ಎಂದಳು. ಆ ‘ಆಗಬಹುದು’ ಎಂಬುದನ್ನು ನಾನು ಕಾಸಿಮಾಕನ ಹತ್ತಿರ ‘ಆಗುತ್ತದೆ’ ಎಂದು ಹೇಳಿದೆ.

ಜೂನ್ ಮೊದಲ ವಾರ ಅವರು ಹೊರಟರು. ಹೊರಡುವ ದಿನ ಬೆಳಿಗ್ಗೆ ನನ್ನನ್ನು ಕರೆದು ಜೊಂಡಿನ ಸಂದಿಯಲ್ಲಿ ಗುಳುಮುಳುಕನ ಗೂಡು ತೋರಿಸಿದರು. ಕೆರೆಯಲ್ಲಿ ಉಳಿದಿದ್ದ ಆ ಒಂದೇ ಜೋಡಿ ಎಲ್ಲೆಲ್ಲಿಂದಲೋ ಸೊಪ್ಪು ಹೊಂದಿಸಿ ಕಟ್ಟಿತ್ತು. “ನಾಲ್ಕು ಮೊಟ್ಟೆ ಉಂಟು. ಇನ್ನು ಎರಡು ವಾರ. ದಡದ ಕೆಲಸದವ್ರು ಬಂದ್ರೆ ಈ ಕಡೆ ಬರಬೇಡಿ ಅಂತ ಹೇಳಿ, ಆಯ್ತಾ?” ಎಂದರು. ನಾನು ತಲೆಯಾಡಿಸಿದೆ. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. “ನೀವು ಎಂತಕ್ಕೆ ಅಳುವುದು? ನನ್ನದು ಹೇಗೂ ಒಂದೆರಡು ವರ್ಷದಲ್ಲಿ ಖಲಾಸ್ ಆಗುವುದೇ ಇತ್ತು. ಮನೆಯಲ್ಲಿ ಹೆಂಡತಿ ಮೈಮೂನ ಎಷ್ಟು ವರ್ಷದಿಂದ ಕರೀತಾ ಇದ್ದಾಳೆ. ಕೆರೆ ಉಳೀತಲ್ಲ, ಸಾಕು.” ನಿಜವಾಗಿಯೂ ನೆಮ್ಮದಿಯಿಂದಲೇ ಹೋದರು.

ಅವರು ಹೋದ ಒಂಬತ್ತನೆಯ ದಿನ ಮಂಗಳವಾರ. ನಾನು ಬಾಟಲಿ ಹಿಡಿದು ಹೋದರೆ ನಾಲ್ಕು ದೊಡ್ಡ ಪಂಪುಗಳು ಆಗಲೇ ಎರಡು ದಿನದಿಂದ ಓಡುತ್ತಿದ್ದವು. ಇನ್ನು ಸ್ಯಾಂಪಲ್ ಬೇಕಾಗಿಲ್ಲ ಎಂದು ಲ್ಯಾಬಿಗೆ ತಿಳಿಸಲು ಯಾರಿಗೂ ನೆನಪಾಗಿರಲಿಲ್ಲ. ಜಾನಿಸ್ ಆದೇಶ ತೋರಿಸಿದಳು. ಕೆರೆ ನೋಡಿಕೊಳ್ಳುವವನೇ ಹದಿನೈದು ವರ್ಷ ಮೀನು ಬಿಟ್ಟಿದ್ದಾನೆ ಎಂದ ಮೇಲೆ ಇದನ್ನು ಸರಿಪಡಿಸುವುದು ಸಾಧ್ಯವಿಲ್ಲ ಎಂದು ಬರೆದಿತ್ತು. ಅವರ ಹೇಳಿಕೆಯನ್ನೂ ನನ್ನ ವರದಿಯನ್ನೂ ಲಗತ್ತಿಸಿದ್ದರು. ಕೆರೆ ಉಳಿಸಲು ಅವರ ಬಾಯಿಂದ ನಾನು ಹೇಳಿಸಿದ ಮಾತನ್ನೇ ಕೆರೆ ತೆಗೆಯಲು ಬಳಸಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು.

ನೀರು ಸೊಂಟದಷ್ಟಕ್ಕೆ ಇಳಿದು, ಮಧ್ಯಾಹ್ನದೊಳಗೆ ಕೆಸರಾಯಿತು. ಟ್ಯಾಂಕ್ ಕ್ಲೀನರ್‌ಗಳು ಸಾವಿರಗಟ್ಟಲೆ ಹೊರಳಾಡಿದವು. ಅವು ಬೇಗ ಸಾಯುವುದಿಲ್ಲ. ನಾನು ಚಪ್ಪಲಿ ಬಿಟ್ಟು ಜೊಂಡಿನ ಕಡೆಗೆ ಇಳಿದೆ. ತೇಲುವ ಗೂಡು ನೀರಿನ ಜೊತೆ ಕೆಳಗಿಳಿದು ಕೆಸರಿನ ಮೇಲೆ ಕುಳಿತಿತ್ತು. ಹಕ್ಕಿಗಳು ಇರಲಿಲ್ಲ. ಮೊಟ್ಟೆಗಳ ಮೇಲೆ ಸೊಪ್ಪು ಮುಚ್ಚಿಯೇ ಇತ್ತು. ವಾಪಸು ಬರುತ್ತೇನೆಂದು ಮುಚ್ಚಿ ಹೋಗಿತ್ತು ತಾಯಿ. ನಾನು ಅಲ್ಲೇ ನಿಂತು, ಯಾರು ನೋಡುತ್ತಾರೆ ಎಂಬ ಪರಿವೆ ಇಲ್ಲದೆ ಅತ್ತೆ.

ಅಳುತ್ತಿರುವಾಗಲೇ ಫೋನ್ ಬಂತು. ಊರಿನಿಂದ ಕಾಸಿಮಾಕ. ಮಂಗಳವಾರವಲ್ಲವೇ.

“ಎಷ್ಟುಂಟು ಅಕ್ಕ ಇವತ್ತು?”

ನೀರಿನಲ್ಲಿ ಕರಗಿರುವ ಆಮ್ಲಜನಕ ಎಷ್ಟು ಎಂದು ಅವರು ಕೇಳಿದ್ದು. ಹನ್ನೊಂದು ವರ್ಷ ಪ್ರತಿ ಮಂಗಳವಾರ ನಾನು ಮೀಟರ್ ನೋಡಿ ಕೂಗುತ್ತಿದ್ದ ಅಂಕಿ. ನಿಜ ಹೇಳಬೇಕಿತ್ತು. ಅವರ ದನಿಯಲ್ಲಿದ್ದ ಆಸೆ ಕೇಳಿ ಆಗಲಿಲ್ಲ. ಬ್ಯಾಗಿನಲ್ಲಿದ್ದ ಪುಸ್ತಕ ತೆಗೆದು ಹಿಂದಿನ ವರ್ಷ ಅದೇ ವಾರ ಬರೆದದ್ದನ್ನು ಓದಿದೆ. “ನಾಲ್ಕು ಪಾಯಿಂಟ್ ಒಂದು, ಕಾಸಿಮಾಕ.”

“ಓ. ಹೆಚ್ಚಾಗ್ಲಿಲ್ಲ ಅಲ್ವಾ ಇನ್ನೂ,” ಎಂದು ಸಪ್ಪಗಾದರು. “ಮರಿ ಬಂತಾ?”

“ಇನ್ನೂ ಇಲ್ಲ.”

ಮುಂದಿನ ವಾರ ಮರಿ ಬಂತು ಎಂದೆ. ನಾಲ್ಕೂ ಬಂದವು ಎಂದೆ. ಅದರ ಮುಂದಿನ ವಾರ ಮುಳುಗಲು ಕಲಿತವು. ಸುಳ್ಳಿನ ರುಚಿ ಹತ್ತಿದರೆ ಬಿಡುವುದು ಕಷ್ಟ. ಹೇಗೂ ಸುಳ್ಳು, ಒಳ್ಳೆಯದನ್ನೇ ಹೇಳೋಣ ಎಂದು ಅಂಕಿಯನ್ನೂ ಸ್ವಲ್ಪ ಸ್ವಲ್ಪ ಏರಿಸಿದೆ. ಮೀನು ತೆಗೆಯುತ್ತಿದ್ದಾರೆ, ನೀರು ತಿಳಿಯಾಗುತ್ತಿದೆ, ಐದು, ಐದೂವರೆ, ಆರು. ಆಚೆ ಕಡೆಯಿಂದ “ಮಾಶಾಅಲ್ಲಾ” ಎಂದು ಕೇಳಿದರೆ ನನಗೂ ಒಂದು ಕ್ಷಣ ಕೆರೆ ಅಲ್ಲಿದೆ ಎನಿಸುತ್ತಿತ್ತು. ನನ್ನ ಗಂಡ ದ್ವಾರಕನಾಥರು ಒಂದು ದಿನ ಪಕ್ಕದಲ್ಲಿದ್ದು ಕೇಳಿಸಿಕೊಂಡು, “ಎಷ್ಟು ದಿನ ಅಂತ ಹೀಗೆ?” ಎಂದರು. ಕೆರೆಯ ಜಾಗದಲ್ಲಿ ಆಗಲೇ ನೀಲಿ ಟೈಲ್ಸ್ ಹಾಕುತ್ತಿದ್ದರು. ಅಡ್ಡ ಬರುತ್ತದೆಂದು ಗಾಫ್ ಮರವನ್ನು ಬುಡಸಮೇತ ಎತ್ತಿ ಬೇರೆಲ್ಲೋ ನೆಡಲು ಒಯ್ದಿದ್ದರು.

ಆಗಸ್ಟ್ ಕೊನೆಯ ಮಂಗಳವಾರ. ಹೊರಗೆ ಬೆಳಗಿನ ಆರೂವರೆಗೇ ಉಸಿರುಗಟ್ಟುವ ಶೆಕೆ. ಫೋನ್ ಬಂತು. ಕಾರಿನಲ್ಲಿ ಕುಳಿತು, ಉತ್ಸಾಹದಲ್ಲಿ, ಕೇಳುವ ಮೊದಲೇ ಹೇಳಿದೆ. “ಕಾಸಿಮಾಕ, ಇವತ್ತು ಏಳೂವರೆ! ನೀರಿನ ಬಿಸಿ ಮೂವತ್ತಾರು.”

ಆಚೆ ಕಡೆ ಮಾಶಾಅಲ್ಲಾ ಬರಲಿಲ್ಲ. ಊರಿನ ಮಳೆಯ ಸದ್ದು ಕೇಳುತ್ತಿತ್ತು, ಮೈಮೂನ ಯಾರನ್ನೋ ಕರೆಯುವುದು ಕೇಳುತ್ತಿತ್ತು.

“ಅಕ್ಕ,” ಎಂದರು ಕಾಸಿಮಾಕ, ಬಹಳ ಮೆಲ್ಲಗೆ, ನನಗೆ ನೋವಾದೀತು ಎಂಬಂತೆ. “ಮೂವತ್ತಾರು ಡಿಗ್ರಿ ನೀರಲ್ಲಿ ಏಳೂವರೆ ನಿಲ್ಲುವುದಿಲ್ಲ. ಬಿಸಿಯಾದ ಹಾಗೆ ನೀರಿಗೆ ಉಸಿರು ಹಿಡಿಯಲಿಕ್ಕೆ ಆಗುವುದಿಲ್ಲ ಅಂತ ನೀವೇ ನನಗೆ ಹೇಳಿಕೊಟ್ಟದ್ದು.”

ನಾನು ಕಾರಿನ ಎಂಜಿನ್ ಆರಿಸಿದೆ.

“ಜುಲೈಯಲ್ಲಿ ನೀವು ಆರು ಅಂದಾಗಲೇ ಗೊತ್ತಾಯ್ತು. ಹದಿನೆಂಟು ವರ್ಷದಲ್ಲಿ ಬೇಸಿಗೆಯ ಬೆಳಿಗ್ಗೆ ನಮ್ಮ ಕೆರೆ ಐದರ ಮೇಲೆ ಹೋದದ್ದೇ ಇಲ್ಲ. ಕೆರೆ ಇಲ್ಲ, ಅಲ್ಲವಾ ಅಕ್ಕ?”

“ಇಲ್ಲ ಕಾಸಿಮಾಕ,” ಎಂದೆ. “ನೀವು ಹೋಗಿ ಒಂದು ವಾರಕ್ಕೇ ತೆಗೆದ್ರು. ನಾನು ಹೇಳಿಸಿದ್ದರಿಂದಲೇ ತೆಗೆದ್ರು.” ಆಮೇಲೆ ಆ ಮೀಟಿಂಗಿನಲ್ಲಿ ಹೇಳದೆ ಉಳಿದದ್ದನ್ನು, ಗೂಡನ್ನು, ಮುಚ್ಚಿಟ್ಟ ಮೊಟ್ಟೆಗಳನ್ನು ಎಲ್ಲ ಹೇಳಿದೆ. ಅವರು ಅಳುತ್ತಿದ್ದರು. ಐವತ್ತೆಂಟು ವರ್ಷದ ಗಂಡಸು ಫೋನಿನಲ್ಲಿ ಅಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಮೈಮೂನಳ ಹತ್ರ ಕೆರೆ ಚಂದ ಉಂಟು ಅಂತಲೇ ಹೇಳಿದ್ದೇನೆ,” ಎಂದರು ಕಡೆಗೆ. “ಅಷ್ಟು ವರ್ಷ ಅಲ್ಲಿ ಕೂತು ಎಂತ ಮಾಡಿದಿರಿ ಅಂತ ಅವಳು ಕೇಳಿದ್ರೆ ತೋರಿಸ್ಲಿಕ್ಕೆ ನನ್ನ ಹತ್ರ ಬೇರೆ ಎಂತ ಉಂಟು? ಮಂಗಳವಾರ ನಾನು ಫೋನ್ ಮಾಡ್ತೇನೆ ಅಕ್ಕ. ನೀವು ಹೇಳಿ, ಅವಳು ಕೇಳ್ಲಿ. ಆದ್ರೆ ಸರಿಯಾದ್ದು ಹೇಳಿ.”

ಮುಂದಿನ ಮಂಗಳವಾರ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಸ್ಪೀಕರಿನಲ್ಲಿ ಇಟ್ಟಿದ್ದರು, ಪಾತ್ರೆಯ ಸದ್ದು ಹತ್ತಿರದಲ್ಲೇ ಕೇಳುತ್ತಿತ್ತು. ಎಷ್ಟುಂಟು ಅಕ್ಕ ಎಂದರು. ನಾನು ಹಳೆಯ ಪುಸ್ತಕದ ಆ ವಾರದ ಹಾಳೆ ತೆರೆದು ಮೂರು ಪಾಯಿಂಟ್ ಆರು ಎಂದೆ.

“ಹಾಂ,” ಎಂದರು ಕಾಸಿಮಾಕ. “ಈಗ ಸರಿ ಉಂಟು.”